ಅಮೆರಿಕಕ್ಕೆ ಹೋದ ಕಲಾಯಿ ತಪ್ಪಲೆ

ಹೆಬ್ಬಾಳ ದಾಟಿದ ಮೇಲೆ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೈಚೀಲದ ಬದುಕೆಲ್ಲ ಪರದೆಯ ಮೇಲೆ ಬಯಲಾಯಿತು. ಜುಬ್ಬಾದ ಗುಂಡಿಗಳು, ಕನ್ನಡಕದ ಡಬ್ಬಿ, ಹುರಿಹಿಟ್ಟಿನ ಪೊಟ್ಟಣ, ಎಲ್ಲ ಎಲುಬಿನ ಹಾಗೆ ಕಂಡವು. ಒಂದು ಸಾಮಾನು ಮಾತ್ರ ಕಾಣಲಿಲ್ಲ. ಅದರ ಜಾಗದಲ್ಲಿ ಕಪ್ಪಗೆ ಒಂದು ಉಂಡೆ ಕೂತಿತ್ತು.

"ಏನ್ ಅಂಕಲ್ ಇದು? ಮೆಷಿನ್ನಿಗೇ ಗೊತ್ತಾಗ್ತಿಲ್ಲ," ಎಂದಳು ಸಮವಸ್ತ್ರದ ಹೆಣ್ಣುಮಗಳು.

"ತಂಬಿಗೆ ಕಣಮ್ಮ. ಮೊಮ್ಮಗಳಿಗೆ."

"ಅಮೆರಿಕದಲ್ಲಿ ತಂಬಿಗೆ ಸಿಗಲ್ವಾ?"

"ತಂಬಿಗೆ ಸಿಗಬಹುದು. ನನ್ನ ಕಲಾಯಿ ಸಿಗಲ್ಲ."

ಅವಳು ತೆಗೆದು ಒಳಗೆ ಇಣುಕಿದಳು. "ಅಬ್ಬಾ, ಏನ್ ಹೊಳಪು! ಇದ್ರಲ್ಲೇ ತಲೆ ಬಾಚ್ಕೋಬಹುದು," ಎಂದು ನಕ್ಕು ವಾಪಸ್ ಕೊಟ್ಟಳು. ನಾನು ಮೀಸೆಯಡಿ ನಕ್ಕು ಮುಂದಕ್ಕೆ ಹೋದೆ. ಅರವತ್ತೆಂಟು ವರ್ಷದ ಮನುಷ್ಯ, ಮೊದಲ ಸಲ ವಿಮಾನ ಹತ್ತುತ್ತಿದ್ದೇನೆ. ಹತ್ತುವ ಮೊದಲೇ ಕೆಲಸಕ್ಕೆ ಶಾಭಾಸ್ ಸಿಕ್ಕಿತು.

ನಾನು ಬಾಷಾ, ಆರ್.ಟಿ. ನಗರದವನು. ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಮೈಗೆ ಕಲಾಯಿ ಹಾಕುವುದು ನಮ್ಮ ಮನೆತನದ ಕಸುಬು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಏಳುತ್ತದೆ. ಆದ್ದರಿಂದ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಕರಗಿಸಿ, ಅರಳೆಯಿಂದ ಒಳಗೆಲ್ಲ ಸವರಬೇಕು. ಅಬ್ಬಿಗೆರೆ, ಶೆಟ್ಟಿಹಳ್ಳಿ, ಪುಟ್ಟೇನಹಳ್ಳಿ ಇನ್ನೂ ಹಳ್ಳಿಗಳಾಗಿದ್ದ ಕಾಲದಿಂದ ನಾನು ಆ ಬೀದಿಗಳಲ್ಲಿ ತಿದಿ ಊದಿದವನು. ಮನೆಯಲ್ಲಿ ನಮ್ಮದು ದಖ್ಖನಿ. ಕನ್ನಡ ಕಲಿಸಿದ್ದು ಜಗಲಿಯ ಅಜ್ಜಿಯರು. ಅವರಲ್ಲಿ ಶೆಟ್ಟಿಹಳ್ಳಿಯ ಗೌರಮ್ಮ ದೊಡ್ಡವರು. "ಕತೆ ಯೇಳ್ದಿದ್ರೆ ಪಾತ್ರೆ ಕೊಡಾಕಿಲ್ಲ ಕಣ್ ಬಾಸಾ," ಎನ್ನುತ್ತಿದ್ದರು. ಪಾತ್ರೆ ಕಾಯುವಷ್ಟು ಹೊತ್ತು ನಾನು ಕತೆ ಹೇಳಬೇಕು, ತಪ್ಪಿದ ಕಡೆ ಅವರು ತಿದ್ದಬೇಕು. ಹಾಗೆ ನಾನು ಕತೆಗಾರನಾದೆ.

ಆ ಕತೆಯ ಗುಣಕ್ಕೇ ಮಗಳು ನನ್ನನ್ನು ಕರೆಸಿಕೊಂಡದ್ದು. ನಸ್ರೀನ್ ಅಲ್ಲಿ ವೃದ್ಧರ ಮನೆಯೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಉಣಿಸುವ ಕೆಲಸ ಮಾಡುತ್ತಾಳೆ. ಅಳಿಯ ಹೋಟೆಲಿನಲ್ಲಿ ಅಡುಗೆಯವನು. "ಅಬ್ಬಾ, ಆಯಿಷಾಗೆ ಎರಡೂವರೆ ಆಯ್ತು. ಒಂದು ಮಾತೂ ಆಡ್ತಿಲ್ಲ. ನಮಗೆ ಕೂತು ಮಾತಾಡಿಸೋಕೆ ಪುರುಸೊತ್ತಿಲ್ಲ. ನೀವು ಬಂದು ಕತೆ ಹೇಳಿ, ಮಾತು ಬರುತ್ತೆ," ಎಂದಿದ್ದಳು. ಈಗ ಹೇಳಿ, ಯಾವ ಅಜ್ಜ ಹೋಗದೆ ಇರುತ್ತಾನೆ?

ಸರೋವರದ ಊರು, ಮೊದಲ ವಾರ

ಊರು ಒಂದು ದೊಡ್ಡ ಸರೋವರದ ದಡದಲ್ಲಿತ್ತು. ನಮ್ಮ ಪುಟ್ಟೇನಹಳ್ಳಿ ಕೆರೆಯನ್ನು ಅದರೊಳಗೆ ಇಳಿಬಿಟ್ಟರೆ ಯಾರಿಗೂ ಗೊತ್ತಾಗದು. ಬೀದಿಯಲ್ಲಿ ಎಲ್ಲವೂ ಮರದ ಮನೆಗಳು, ನೂರು ವರ್ಷದವಂತೆ. ಜನ ದಾರಿಯಲ್ಲಿ ಎದುರಾದರೆ ಗುರುತಿಲ್ಲದಿದ್ದರೂ ನಗುತ್ತಾರೆ, ಬಿಸಿಲು ಬಂತು, ಗಾಳಿ ಎದ್ದಿತು ಎಂದು ವರದಿ ಕೊಡುತ್ತಾರೆ. ಆದರೆ "ಊಟ ಆಯ್ತಾ?" ಎಂದು ಯಾರೂ ಕೇಳುವುದಿಲ್ಲ. ಮೊದಲೆರಡು ದಿನ ಇವರಿಗೆ ನಾನು ಹಸಿದಿದ್ದರೂ ಚಿಂತೆಯಿಲ್ಲವಲ್ಲ ಅನ್ನಿಸಿ ಬೇಸರವಾಯಿತು.

ಮೂರನೆಯ ದಿನ ಕಸ ಹಾಕಲು ಹೊರಗೆ ಬಂದೆ. ಬಾಗಿಲು ತಾನಾಗಿ ಮುಚ್ಚಿ ಬೀಗ ಹಾಕಿಕೊಂಡಿತು. ಮೈಮೇಲೆ ಬನಿಯನ್, ಲುಂಗಿ. ಹೊರಗೆ ಐಸ್ ಪೆಟ್ಟಿಗೆಯಂಥ ಚಳಿ. ಒಳಗೆ ಆಯಿಷಾ ಒಬ್ಬಳೇ ಕಿಟಕಿಯ ಗಾಜಿಗೆ ಮೂಗು ಒತ್ತಿ ನನ್ನನ್ನು ನೋಡುತ್ತಿದ್ದಾಳೆ. ಅಳುತ್ತಿಲ್ಲ, ಕೂಗುತ್ತಿಲ್ಲ. ಪಕ್ಕದ ಮನೆಯ ಮುದುಕಿ ಡೊರೊತಿ ಓಡಿ ಬಂದು, ತೀರಿಹೋದ ತನ್ನ ಗಂಡನ ಕೋಟನ್ನು ನನಗೆ ಹೊದಿಸಿ, ಮನೆಯ ಮಾಲೀಕನಿಗೆ ಫೋನು ಮಾಡಿ ಬಾಗಿಲು ತೆಗೆಸಿದಳು. ನನ್ನ ಇಂಗ್ಲಿಷ್ ಹತ್ತು ಮಾತಿನದು. ಅಷ್ಟೂ ಥ್ಯಾಂಕ್ಯೂಗೇ ಖರ್ಚಾಯಿತು.

ಡೊರೊತಿಯ ಮೊಮ್ಮಗನ ಮಗಳು ಎಮ್ಮಾ. ಆಯಿಷಾಳಿಗಿಂತ ಒಂದು ತಿಂಗಳು ಚಿಕ್ಕವಳು. ಆ ಮಗು ಮಣ್ಣು ಬಾಯಿಗೆ ಹಾಕಿಕೊಳ್ಳುತ್ತಿತ್ತು, ನಾಯಿಯ ಮೂತಿ ನೆಕ್ಕುತ್ತಿತ್ತು, ನೆಲಕ್ಕೆ ಬಿದ್ದ ಬಿಸ್ಕತ್ತನ್ನು ಎತ್ತಿ ತಿನ್ನುತ್ತಿತ್ತು. ನಮ್ಮದು ಮೂರು ಸಲ ಕೈ ತೊಳೆಸಿಕೊಂಡು, ಕಾದಾರಿದ ನೀರು ಕುಡಿದು, ಬಿಸಿ ಬಿಸಿ ರಾಗಿ ಸರಿ ಉಣ್ಣುವ ಮಗು. ಆದರೂ ಎಮ್ಮಾ ಬೇಲಿಯ ಆಚೆಯಿಂದ ನನ್ನ ಲುಂಗಿಯನ್ನು ನೋಡಿ "ಸ್ಕರ್ಟ್! ಸ್ಕರ್ಟ್!" ಎಂದು ಕುಣಿದಳು. ಆಯಿಷಾ ನನ್ನ ಬೆರಳು ಹಿಡಿದು ಸುಮ್ಮನೆ ನಿಂತಿದ್ದಳು. ಆಗಾಗ ಹೊಟ್ಟೆ ಹಿಡಿದುಕೊಂಡು ಅಳುವಳು. ಊಟ ಸೇರದು.

"ಹೊಟ್ಟೆ ಖಾಲಿ ಇದ್ರೆ ಮಾತೆಲ್ಲಿಂದ ಬರುತ್ತೆ?" ಎಂದು ನಾನು ಅಡುಗೆಮನೆಯ ಅಧಿಕಾರ ವಹಿಸಿಕೊಂಡೆ. ಅವಳಿಗೆ ಆರು ತಿಂಗಳಾಗಿದ್ದಾಗ ನೆಂಟರ ಕೈಲಿ ನಾನು ಕಳಿಸಿದ್ದ ಪುಟ್ಟ ಹಿತ್ತಾಳೆ ತಪ್ಪಲೆ ಒಲೆಯ ಮೇಲೆಯೇ ಇತ್ತು. ಎರಡು ವರ್ಷದಿಂದ ಮಗುವಿನ ಅಡುಗೆಯೆಲ್ಲ ಅದರಲ್ಲೇ. ಬೆಳಿಗ್ಗೆ ರಾಗಿ ಸರಿ, ಮಧ್ಯಾಹ್ನ ಟೊಮೇಟೊ ಸಾರಿನಲ್ಲಿ ಮೆತ್ತಗೆ ಬೇಯಿಸಿದ ಅನ್ನ. ತಳದಲ್ಲಿ ಕಲಾಯಿ ಸವೆದು ಹಿತ್ತಾಳೆಯ ಹಳದಿ ಇಣುಕಿತ್ತು. "ನೋಡು, ಎಷ್ಟು ಉಣಿಸಿದ್ದೀಯ!" ಎಂದು ಮಗಳನ್ನು ಹೊಗಳಿದೆ. ಸವೆದ ಕಲಾಯಿ ಎಲ್ಲಿಗೆ ಹೋಯಿತು ಎಂದು, ಐವತ್ತು ವರ್ಷ ಕಲಾಯಿ ಹಾಕಿದ ನನಗೆ ಹೊಳೆಯಲಿಲ್ಲ.

ಎರಡನೆಯ ಸೂಜಿ

ಅಲ್ಲಿ ಮಕ್ಕಳಿಗೆ ಒಂದು ವರ್ಷಕ್ಕೂ ಎರಡು ವರ್ಷಕ್ಕೂ ರಕ್ತ ಪರೀಕ್ಷೆ ಮಾಡಿಸುತ್ತಾರಂತೆ. ಊರಿಂದೂರಿಗೆ ಮನೆ ಬದಲಾಯಿಸಿದ ಗಲಾಟೆಯಲ್ಲಿ ನಮ್ಮ ಮಗುವಿನದು ತಪ್ಪಿಹೋಗಿತ್ತು. ಮಾತು ಬಂದಿಲ್ಲವೆಂದು ತೋರಿಸಲು ಹೋದಾಗ ಡಾಕ್ಟರಮ್ಮ ಬೆರಳು ಚುಚ್ಚಿದರು. ಒಂದು ವಾರದಲ್ಲಿ ಮತ್ತೆ ಕರೆ ಬಂತು. ಈ ಸಲ ತೋಳಿನಿಂದಲೇ ರಕ್ತ ತೆಗೆಯಬೇಕಂತೆ.

ಆಸ್ಪತ್ರೆಯ ಕುರ್ಚಿಗಳಲ್ಲಿ ಆ ಬೆಳಿಗ್ಗೆ ಹತ್ತಾರು ಮಕ್ಕಳು. ಬೇರೆಯವರು ಒಂದು ಬಾಗಿಲಿಗೆ ಹೋಗಿ ಲಾಲಿಪಾಪ್ ಹಿಡಿದು ಹೊರಬರುತ್ತಿದ್ದರು. ಎರಡನೆಯ ಸೂಜಿಗೆ ಕೂತವರು ಮೂರೇ ಮನೆಯವರು: ತಲೆವಸ್ತ್ರ ಹೊದ್ದ ಅಫ್ಘಾನಿ ತಾಯಿ, ಕಂಕುಳಲ್ಲಿ ಅವಳ ಕೂಸು, ಒಬ್ಬ ನೇಪಾಳಿ ತಂದೆ, ಅವನ ಮಗಳು, ನಾವು. ಯಾರ ಭಾಷೆ ಯಾರಿಗೂ ಬಾರದು. ಅಫ್ಘಾನಿ ಕೂಸಿನ ಕಣ್ಣಿಗೆ ತೀಡಿದ ಸುರ್ಮಾ ನೋಡಿ ನಾನು, "ಎಷ್ಟು ಮುದ್ದಾಗಿದೆ," ಎಂದು ಕೈಸನ್ನೆ ಮಾಡಿದೆ. ಅವಳು ನಗಲಿಲ್ಲ. ಕೂಸಿನ ಕಣ್ಣನ್ನು ಸೆರಗಿನಿಂದ ಒರೆಸತೊಡಗಿದಳು. ಒರೆಸಿದಷ್ಟೂ ಕಪ್ಪು ಕೆನ್ನೆಗೆಲ್ಲ ಹರಡಿತು. ಅವಳಿಗೆ ಆಗಲೇ ಹೇಳಿದ್ದರು ಎಂದು ಕಾಣುತ್ತದೆ. ನಮಗೆ ಇನ್ನೂ ಹೇಳಿರಲಿಲ್ಲ.

ಹೇಳಿದ್ದು ಸಂಜೆ, ಫೋನಿನಲ್ಲಿ. ಮಗುವಿನ ರಕ್ತದಲ್ಲಿ ಸೀಸ ಇದೆ. ಇರಬಾರದಷ್ಟು ಇದೆ.

"ಸೀಸ ಅಂದ್ರೆ? ಪೆನ್ಸಿಲ್ದಾ?" ಎಂದೆ.

"ಅಲ್ಲ ಅಬ್ಬಾ. ಲೆಡ್ಡು. ಮೆದುಳಿಗೆ ಹೋಗುತ್ತಂತೆ. ಮಾತು, ಬುದ್ಧಿ ಎಲ್ಲದಕ್ಕೂ ಅಡ್ಡ ಬರುತ್ತಂತೆ." ನಸ್ರೀನ್ ನಿಂತಲ್ಲೇ ಗೋಡೆಗೆ ಒರಗಿದಳು. "ಹಳೇ ಮನೆಗಳ ಬಣ್ಣದಲ್ಲಿ ಇರುತ್ತಂತೆ. ಮನೆ ನೋಡೋಕೆ ಇಲಾಖೆಯವರು ಬರ್ತಾರೆ."

ಬಣ್ಣ ಎಂಬ ಮಾತು ಕೇಳಿದ್ದೇ ನನಗೆ ಸಮಾಧಾನವಾಯಿತು. ನಿಜ ಹೇಳುತ್ತೇನೆ, ಸಮಾಧಾನವಾಯಿತು. ಬೈಯಲು ಒಬ್ಬ ಮನೆ ಮಾಲೀಕ ಸಿಕ್ಕ. ಎರಡು ದಿನ ಅವನನ್ನು ದಖ್ಖನಿಯಲ್ಲೂ ಕನ್ನಡದಲ್ಲೂ ಬೈದೆ.

ಫೋನಿನೊಳಗಿನ ಯಲಹಂಕ

ಇಲಾಖೆಯ ಹೆಂಗಸು ಬಂದಾಗ ಮಗಳು, ಅಳಿಯ ಇಬ್ಬರೂ ಕೆಲಸದಲ್ಲಿದ್ದರು. ರಜೆ ಕೇಳಿದ್ದರೂ ಸಿಕ್ಕಿರಲಿಲ್ಲ. ಆಕೆ ನನಗೆ ಭಾಷೆಗಳ ಪಟ್ಟಿಯೊಂದನ್ನು ತೋರಿಸಿದಳು. ಅದರಲ್ಲಿ ದುಂಡು ದುಂಡಾಗಿ "ಕನ್ನಡ" ಎಂದು ಕಂಡಿತು. ಬೆರಳಿಟ್ಟೆ. ಆಕೆ ಫೋನಿನಲ್ಲಿ ಯಾರೋ ದುಭಾಷಿಗೆ ಕರೆ ಮಾಡಿ ಮೇಜಿನ ಮೇಲಿಟ್ಟಳು. ಫೋನು ಮಾತಾಡಿತು:

"ನಮಸ್ಕಾರ ಸರ್. ನಾನು ನಿಮಗೆ ಕನ್ನಡದಲ್ಲಿ ಹೇಳೋಕೆ ಇದ್ದೀನಿ."

"ಅಯ್ಯೋ ತಾಯಿ! ಯಾವ ಕಡೆಯವರಮ್ಮ ನೀವು?"

"ಸರ್, ಅವರು ಹೇಳಿದ್ದು, ನೀವು ಹೇಳಿದ್ದು ಅಷ್ಟೇ ನಾನು ಹೇಳ್ಬೇಕು. ಬೇರೆ ಮಾತಾಡೋ ಹಾಗಿಲ್ಲ." ಒಂದು ಕ್ಷಣ ಬಿಟ್ಟು, ದನಿ ತಗ್ಗಿಸಿ, "ಯಲಹಂಕ," ಎಂದಳು.

ಇಲಾಖೆಯವಳ ಕೈಯಲ್ಲಿ ಸೀಸ ಪತ್ತೆ ಹಚ್ಚುವ, ತಲೆಗೂದಲು ಒಣಗಿಸುವ ಯಂತ್ರದಂಥದ್ದೊಂದು ಇತ್ತು. ಅದನ್ನು ಕಿಟಕಿಗೆ ಒತ್ತಿದಳು, ಬಾಗಿಲಿಗೆ ಒತ್ತಿದಳು, ಆಟಿಕೆಗಳಿಗೆ ಒತ್ತಿದಳು. ಪ್ರತಿ ಸಲವೂ ನಾನು ಇದೇ ಇರಲಿ ಎಂದು ಬೇಡಿಕೊಂಡೆ. ಎತ್ತರದಲ್ಲಿದ್ದ ಒಂದು ಹಳೆಯ ಕಿಟಕಿಯಲ್ಲಿ ಮಾತ್ರ ಕೊಂಚ ತೋರಿಸಿತು. ಅದು ಮಗುವಿಗೆ ಎಟುಕದ ಕಿಟಕಿ.

"ಪಕ್ಕದ ಮನೆಯೂ ಇದೇ ಕಾಲದ್ದಂತೆ ಸರ್, ಇದೇ ಬಣ್ಣವಂತೆ. ಅಲ್ಲಿನ ಮಗುವಿನ ರಕ್ತ ಸರಿ ಇದೆಯಂತೆ, ಆ ಅಜ್ಜಿಯೇ ಇವರಿಗೆ ಹೇಳಿದ್ರಂತೆ," ಎಂದಿತು ಫೋನು. "ಇನ್ನು ಅಡುಗೆಮನೆ ನೋಡ್ತಾರಂತೆ."

ಅರಿಸಿನ, ಖಾರದ ಪುಡಿ, ಕಾಡಿಗೆ ಡಬ್ಬಿ, ಎಲ್ಲಕ್ಕೂ ಯಂತ್ರ ಹಿಡಿದಾಯಿತು. ಏನೂ ಇಲ್ಲ. ಮನೆಗೆ ಬಂದವಳು ಒಂದು ತಾಸಿನಿಂದ ನಿಂತೇ ಇದ್ದಾಳೆ. ನನಗೆ ನಾಚಿಕೆಯಾಯಿತು. ಚಹಾ ಮಾಡೋಣವೆಂದು ಕೈಗೆ ಸಿಕ್ಕ ಮಗುವಿನ ತಪ್ಪಲೆಗೆ ಹಾಲು ಸುರಿದು ಒಲೆಯ ಮೇಲಿಟ್ಟೆ.

ಆಕೆ ತಪ್ಪಲೆಯನ್ನೇ ನೋಡಿದಳು. ಒಲೆ ಆರಿಸಿದಳು. ಹಾಲನ್ನು ಬಗ್ಗಿಸಿ, ಒರೆಸಿ, ಯಂತ್ರದ ಮೂತಿಯನ್ನು ಒಳಗಿಟ್ಟಳು. ಯಂತ್ರದಲ್ಲಿ ಅಂಕಿ ಓಡತೊಡಗಿತು. ಆಮೇಲೆ ನಾನು ವಿಮಾನದಲ್ಲಿ ತಂದ ಹೊಸ ತಂಬಿಗೆಗೂ ಹಿಡಿದಳು. ಅಂಕಿ ಇನ್ನೂ ಮೇಲಕ್ಕೆ ಹೋಯಿತು.

"ಸರ್," ಎಂದಿತು ಫೋನು. ದನಿ ಬದಲಾಗಿತ್ತು. "ಈ ಪಾತ್ರೆಯಿಂದಾನೇ ಅಂತಿದ್ದಾರೆ. ಒಳಗೆ ಹಚ್ಚಿರೋದು ಏನು ಅಂತ ಕೇಳ್ತಿದ್ದಾರೆ."

"ತವರ," ಎಂದೆ. "ಕಲಾಯಿಗೆ ಹಾಕೋದು ತವರ."

ಹೇಳಿದ್ದು ಅರ್ಧ. ಉಳಿದರ್ಧ ಹೀಗಿದೆ. ಬರೀ ತವರ ಬಿಸಿ ಪಾತ್ರೆಯ ಮೇಲೆ ಹಠ ಮಾಡುತ್ತದೆ, ಗಂಟು ಕಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ತಂತಿ ಇದೆಯಲ್ಲ, ಅದರ ಒಂದು ಚೂರನ್ನು ಜೊತೆಗೆ ಕರಗಿಸಿದರೆ ನೀರಿನಂತೆ ಹರಿಯುತ್ತದೆ. ಹೊಳಪೂ ಬರುತ್ತದೆ. ಆ ತಂತಿಯಲ್ಲಿ ಲೆಡ್ಡು ಇದೆ ಎಂದು ನನಗೆ ಗೊತ್ತು. ಅಂಗಡಿಯಲ್ಲಿ ಅದನ್ನು ಕೇಳುವುದೇ ಲೆಡ್ಡು ಎಂದು. ಇದು ನನ್ನ ತಂದೆ ಕಲಿಸಿದ ಕೈಚಳಕ. ಎಲ್ಲರ ಪಾತ್ರೆಗೂ ಒಂದು ಚೂರು ಹಾಕುತ್ತಿದ್ದೆ. ಮೊಮ್ಮಗಳ ತಪ್ಪಲೆ ಎಂದು ಅದಕ್ಕೆ ಮೂರು ಚೂರು ಹಾಕಿದ್ದೆ. ಕನ್ನಡಿಯ ಹಾಗೆ ಹೊಳೆಯಲಿ ಎಂದು.

ಆಕೆ ಎರಡನ್ನೂ ಚೀಲದಲ್ಲಿ ಕಟ್ಟಿ ಚೀಟಿ ಅಂಟಿಸಿದಳು. ನನ್ನ ತೋಳು ಮುಟ್ಟಿ ಏನೋ ಹೇಳಿದಳು.

"ನಿಮ್ಮ ತಪ್ಪಲ್ಲ ಅಂತಿದ್ದಾರೆ ಸರ್. ಹೊರ ದೇಶದಿಂದ ಬಂದವರ ಮನೆಗಳಲ್ಲಿ ಪಾತ್ರೆ, ಸುರ್ಮಾ, ಇಂಥದ್ರಲ್ಲಿ ಸೀಸ ಸಿಕ್ತಾನೇ ಇರುತ್ತಂತೆ." ಆಮೇಲೆ, ಹೇಳಬಾರದ್ದನ್ನು ಅವಸರದಲ್ಲಿ ಹೇಳಿತು: "ಅಂಕಲ್, ನಮ್ಮಜ್ಜಿ ಮನೇಲೂ ಕಲಾಯಿ ಹಾಕಿಸ್ತಿದ್ರು. ನಾವೆಲ್ಲ ಅದ್ರಲ್ಲೇ ಸಾರು ತಿಂದಿದ್ದು. ನಮ್ಮೂರಲ್ಲಿ ಇದನ್ನ ಯಾರಾದ್ರೂ ನೋಡಿದ್ದಾರಾ?"

ಅಷ್ಟರಲ್ಲಿ ಕರೆ ಕಟ್ಟಾಯಿತು.

ಮೆಟ್ಟಿಲ ಮೇಲೆ

ಮಗಳು ಕೆಲಸದ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿದಳು. ಅಳಲಿಲ್ಲ. ತನ್ನನ್ನೇ ಬೈದುಕೊಂಡಳು.

"ಸ್ಟೀಲ್ ಪಾತ್ರೆ ಇತ್ತು ಅಬ್ಬಾ. ಇವರು ಕೂಡ ಹೇಳಿದ್ರು, ಸ್ಟೀಲಲ್ಲೇ ಮಾಡು ಅಂತ. ನಾನೇ ಕೇಳಲಿಲ್ಲ. ಅಬ್ಬಾ ಕೈಯಾರೆ ಮಾಡಿ ಕಳಿಸಿದ್ದು ಅಂತ ದಿನಾ ಅದ್ರಲ್ಲೇ... ಟೊಮೇಟೊ ಹಾಕಿ ಹಾಕಿ ಕುದಿಸ್ದೆ. ತಳದ ಗಸಿಯೆಲ್ಲ ಕೆರೆದು ತಿನ್ನಿಸ್ದೆ."

ಸುಮ್ಮನಿದ್ದರೆ ತಪ್ಪು ಅವಳ ಟೊಮೇಟೊದ್ದಾಗುತ್ತಿತ್ತು. ಇಲಾಖೆಯವಳೂ ನನ್ನದಲ್ಲ ಎಂದು ಹೇಳಿ ಹೋಗಿದ್ದಳು. ನಾನು ಹೇಳಿದೆ. ತಂತಿ, ಒಂದು ಚೂರು, ಮೂರು ಚೂರು, ಎಲ್ಲ ಹೇಳಿದೆ.

ಅವಳು ನನ್ನ ಕೈಗಳನ್ನು ನೋಡಿದಳು.

"ನಿಮಗೆ ಗೊತ್ತಿತ್ತಾ?"

"ಲೆಡ್ಡು ಅಂತ ಗೊತ್ತಿತ್ತು. ಇಂಥದ್ದು ಮಾಡುತ್ತೆ ಅಂತ ಗೊತ್ತಿರ್ಲಿಲ್ಲ ಬೇಟಿ."

"ನಾನೂ ನಿಮ್ಮ ಕಲಾಯಿಯಲ್ಲೇ ಉಂಡವಳು," ಎಂದಳು. ಬೈದದ್ದಲ್ಲ. ಲೆಕ್ಕ ಹಾಕಿದ್ದು. ಶಾಲೆಯಲ್ಲಿ ಮಗ್ಗಿ ನೆನಪಿರುತ್ತಿರಲಿಲ್ಲವೆಂದು ನಾನು ಹೊಡೆದದ್ದು ಇಬ್ಬರಿಗೂ ಒಟ್ಟಿಗೆ ನೆನಪಾಯಿತೇನೋ. ಅವಳು ಎದ್ದು ಒಳಗೆ ಹೋದಳು.

ಡಾಕ್ಟರಮ್ಮ ಔಷಧಿ ಕೊಡಲಿಲ್ಲ. ಈ ಮಟ್ಟಕ್ಕೆ ಔಷಧಿಯಿಲ್ಲವಂತೆ. ಮೂಲ ತೆಗೆಯಬೇಕು, ಕಬ್ಬಿಣದ ಅಂಶ, ಹಾಲು, ಹಣ್ಣು ಕೊಡಬೇಕು, ಮಾತು ಕಲಿಸುವವರ ಹತ್ತಿರ ಕಳಿಸಬೇಕು, ಮತ್ತೆ ಮತ್ತೆ ರಕ್ತ ನೋಡಬೇಕು. ರಕ್ತದಲ್ಲಿರುವುದು ನಿಧಾನವಾಗಿ ಇಳಿಯುತ್ತದೆ. ಆಗಿಹೋದದ್ದು? ಅದಕ್ಕೆ ಅವರು ನೆಟ್ಟಗೆ ಉತ್ತರ ಕೊಟ್ಟರು: ಕಳೆದುಹೋದದ್ದು ಪೂರ್ತಿ ವಾಪಸ್ ಬರುತ್ತದೆಂದು ಹೇಳಲಾರೆ.

ಉಳಿದ ದಿನಗಳೆಲ್ಲ ಆಯಿಷಾಳಿಗೆ ಕತೆ ಹೇಳಿದೆ. ಗೌರಮ್ಮನ ಜಗಲಿಯಲ್ಲಿ ಹೇಳಿದ ಅಷ್ಟೂ ಕತೆ ಹೇಳಿದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ಒಮ್ಮೊಮ್ಮೆ ತುಟಿಗೆ ಬೆರಳಿಟ್ಟು ಒತ್ತುತ್ತಿದ್ದಳು. ಬೇಲಿಯ ಆಚೆ ಎಮ್ಮಾ ಹಾಡುತ್ತಿದ್ದಳು. ಆ ಮಗು ಚೆನ್ನಾಗಿರಲಿ. ಆದರೆ ಅದು ಹಾಡುವಾಗ ನಾನು ಕಿಟಕಿ ಮುಚ್ಚುತ್ತಿದ್ದೆ. ಹೊರಡುವ ದಿನ ಬಾಗಿಲಲ್ಲಿ ಆಯಿಷಾ ಕೈ ಬೀಸಿದಳು. ಮಾತಿಲ್ಲ.

ಶೆಟ್ಟಿಹಳ್ಳಿ

ವಾಪಸ್ ಬಂದು ಮೊದಲು ಮಾಡಿದ ಕೆಲಸ, ಊರಲ್ಲೇ ಇರುವ ಮಗನ ಇಬ್ಬರು ಮಕ್ಕಳನ್ನು ನಮ್ಮ ಬಡಾವಣೆಯ ಒಂದು ಲ್ಯಾಬಿಗೆ ಕರೆದುಕೊಂಡು ಹೋದದ್ದು. "ಲೆಡ್ ಟೆಸ್ಟಾ? ಅದನ್ನ ಹೊರಗಡೆ ಕಳಿಸ್ಬೇಕು ಅಜ್ಜಾ, ಡಾಕ್ಟರ್ ಚೀಟಿ ತನ್ನಿ," ಎಂದರು. ಡಾಕ್ಟರರು ಮಕ್ಕಳನ್ನು ನೋಡಿ, "ಚೆನ್ನಾಗೇ ಓಡಾಡ್ಕೊಂಡಿವೆಯಲ್ಲ, ಅಮೆರಿಕಕ್ಕೆ ಹೋಗಿ ಹೆದರ್ಕೊಂಡು ಬಂದಿದ್ದೀರಿ," ಎಂದು ನಕ್ಕರು. ಅಲ್ಲಿ ವಲಸೆ ಬಂದವರ ಮಕ್ಕಳಿಗೂ ಊರಿನವರ ಮಕ್ಕಳಿಗೂ ವ್ಯತ್ಯಾಸ ಕಂಡದ್ದು ಇಬ್ಬರ ರಕ್ತವನ್ನೂ ನೋಡಿದ್ದರಿಂದ. ಇಲ್ಲಿ ಊರಿನ ಹಳೇ ಮನೆಗಳಲ್ಲಿ ನನ್ನ ಹಿತ್ತಾಳೆ ಇದೆ. ಕಟ್ಟಡ ಕೆಲಸಕ್ಕೆ ಕಲಬುರಗಿಯಿಂದ ಬಂದವರ ಶೆಡ್ಡಿನಲ್ಲಿ ಏನಿದೆಯೋ ಗೊತ್ತಿಲ್ಲ. ಯಾರ ಮಕ್ಕಳದ್ದೂ ಯಾರೂ ನೋಡಿಲ್ಲ.

ಆಮೇಲೆ ಶೆಟ್ಟಿಹಳ್ಳಿಗೆ ಹೋದೆ. ಗೌರಮ್ಮನ ಜಗಲಿ ಈಗ ಮೂರಂತಸ್ತಿನ ಮನೆಯ ಕೆಳಗಿನ ಕಟ್ಟೆ. ಎಂಬತ್ತು ದಾಟಿದ್ದಾರೆ. ನೆಂಟರು ಬಂದರೆ ಈಗಲೂ ನನ್ನ ಕಲಾಯಿಯ ತಂಬಿಗೆಗಳೇ ಹೊರಗೆ ಬರುತ್ತವೆ. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ನನ್ನ ಜೀವಮಾನದಲ್ಲಿ ಅವರು ತಿದ್ದದೆ ಕೇಳಿದ ಕತೆ ಅದೊಂದೇ.

"ಆ ಪಾತ್ರೆಗಳನ್ನ ಬಳಸ್ಬೇಡಿ ಅವ್ವಾ. ಹುಳಿ ಅಂತೂ ಹಾಕ್ಲೇಬೇಡಿ."

"ಓಗ್ಲಾ! ನನ್ ಮಕ್ಳು, ಮೊಮ್ಮಕ್ಳು ಎಲ್ಲಾ ಇದ್ರಾಗೇ ಉಂಡು ಬೆಳ್ದೋರು. ಏನಾಗೈತೆ? ಎಲ್ಲಾ ಗುಂಡುಕಲ್ಲಿನಂಗವ್ರೆ." ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದರು. "ಆ ಮಾದೇಸ ಒಬ್ಬಂಗೆ ಓದು ಅತ್ನಿಲ್ಲ. ಅದು ಅವ್ನ ಅಣೆಬರ. ಅದ್ಕೆ ನೀನ್ಯಾಕೆ ಅಳ್ತೀಯಾ?"

ನಾನು ಅಳುತ್ತಿರುವುದು ನನಗೆ ಗೊತ್ತಿರಲಿಲ್ಲ. ಮಾದೇಶನ ಉಣ್ಣುವ ಗಂಗಳಕ್ಕೆ ವರ್ಷಕ್ಕೆರಡು ಸಲ ಕಲಾಯಿ ಹಾಕಿದ್ದು ಮಾತ್ರ ಗೊತ್ತಿತ್ತು.

"ದಣ್ದು ಬಂದಿದೀಯಾ, ಮಜ್ಗೆ ಕುಡಿ," ಎಂದು ಒಳಗಿನಿಂದ ಒಂದು ದೊಡ್ಡ ತಂಬಿಗೆ ತರಿಸಿದರು. ಬೆಳಿಗ್ಗೆಯಿಂದ ಅದರಲ್ಲೇ ಇದ್ದ ಹುಳಿ ಮಜ್ಜಿಗೆ. ಅಂಚಿನಲ್ಲಿ ನನ್ನ ಕೈಯ ಹೊಳಪು ಇನ್ನೂ ಮಾಸಿರಲಿಲ್ಲ. ಗೌರಮ್ಮನ ಮರಿಮಗಳು, ಮೂರು ವರ್ಷದ್ದು, ಬಂದು ನನ್ನ ಮೊಣಕಾಲು ಹಿಡಿದು ನಿಂತಿತು. ಕುಡಿದು ಮಿಕ್ಕದ್ದನ್ನು ಮಗುವಿಗೆ ಕೊಡುವುದು ಆ ಮನೆಯ ಪದ್ಧತಿ. ಎಷ್ಟೋ ಸಲ ಕೊಟ್ಟಿದ್ದೇನೆ. ಮಗು ಎರಡು ಕೈ ಚಾಚಿ, "ನಂಗೂ ತಾತಾ, ನಂಗೂ," ಎಂದು ಸ್ಪಷ್ಟವಾಗಿ ಕೇಳಿತು.

ನಾನು ತಂಬಿಗೆ ಎತ್ತಿದೆ. ಉಸಿರು ಬಿಡದೆ ಕುಡಿದೆ. ಬುಡದ ಗಸಿಯನ್ನೂ ಬಿಡದೆ, ಕೊನೆಯ ತೊಟ್ಟಿನವರೆಗೆ ಕುಡಿದು ಬೋರಲು ಹಾಕಿದೆ. ಮಗು ಅಳತೊಡಗಿತು.

"ಅಯ್ಯೋ ಬಾಸಾ," ಎಂದರು ಗೌರಮ್ಮ, ಮಗುವನ್ನು ಎತ್ತಿಕೊಳ್ಳುತ್ತ. "ಮಗೀಗೆ ಒಂದ್ ಗುಟುಕೂ ಬಿಡ್ನಿಲ್ವಲ್ಲೋ. ಅಮೆರಿಕಾಗೆ ಓಗಿ ಇಂಗಾಗ್ಬುಟ್ಟ್ಯಾ?" ಆಮೇಲೆ ಒಳಗೆ ತಿರುಗಿ ಸೊಸೆಯನ್ನು ಕೂಗಿದರು: "ಇನ್ನೊಂದ್ ತಂಬ್ಗೆ ತಗಂಬಾರವ್ವಾ, ಕೂಸಿಗೆ."